ಅಪರಿಚಿತೆಯ ಕೆಲಸ

ಜೂನ್ 4

ಪ್ರೀತಿಯ ಅಕ್ಕ,

ನನಗೆ ಕೆಲಸ ಸಿಕ್ಕಿದೆ. ನಗಬೇಡ. ಕೆಲಸದ ಹೆಸರು ‘ಅಪರಿಚಿತೆ’.

ಟಪಾಲು ಕಚೇರಿಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ, ಸಾಕುಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವ ಒಂದು ಕೇಂದ್ರ ಇದೆ. ನೆಲ ಒರೆಸಲು ಹೆಂಗಸು ಬೇಕಂತೆ ಎಂದು ಕೇಳಿ ಹೋಗಿದ್ದೆ. ಅಲ್ಲಿಯ ಮೇಡಂ ನನ್ನನ್ನು ಕಾಯಿಸಿ, ಕಾಯಿಸಿ, ಕೊನೆಗೆ ಬಂದು, “ನೀನು ಯಾವಾಗಲೂ ಹೀಗೇ ಅಲ್ಲಾಡದೆ ಕೂತಿರ್ತೀಯಾ?” ಎಂದರು. ತಲೆ ಆಡಿಸಿದೆ. “ಮಾತೂ ಆಡಲ್ವಾ?” ಇಲ್ಲ ಎಂದು ತಲೆ ಆಡಿಸಿದೆ. “ಹಾಗಾದ್ರೆ ಒರೆಸೋದು ಆಮೇಲೆ. ಮೊದಲು ಆ ಕುರ್ಚಿ ಮೇಲೆ ಕೂರು” ಎಂದರು. ಚಿಕ್ಕಂದಿನಿಂದ ಯಾವ ಗುಣಕ್ಕೆ ಬೈಸಿಕೊಂಡೆನೋ ಅದಕ್ಕೇ ಈಗ ಸಂಬಳ.

ಒಂದು ಖಾಲಿ ಕೋಣೆ. ಎರಡು ಕುರ್ಚಿ. ನೆಲದ ಮೇಲೆ ಬಿಳಿ ಪಟ್ಟಿಯಲ್ಲಿ ಚೌಕಗಳು. ಗೋಡೆಯಲ್ಲಿ ಕಪ್ಪು ಗಾಜು, ಅದರ ಹಿಂದೆ ಮೇಡಂ ಮತ್ತು ಕ್ಯಾಮೆರಾ. ಸಾಕಿದವರು ನಾಯಿಯನ್ನು ಕರೆತಂದು ಒಂದು ಕುರ್ಚಿಯಲ್ಲಿ ಕೂರುತ್ತಾರೆ. ನಾನು ಹೋಗಿ ಇನ್ನೊಂದರಲ್ಲಿ ಕೂರುತ್ತೇನೆ. ಅವರು ಎದ್ದು ಹೊರಗೆ ಹೋಗುತ್ತಾರೆ. ನಾಯಿ ಬಾಗಿಲ ಹತ್ತಿರ ಅಳುತ್ತದೋ, ನನ್ನ ಹತ್ತಿರ ಬರುತ್ತದೋ, ಅವರು ಹಿಂದಿರುಗಿದಾಗ ಏನು ಮಾಡುತ್ತದೋ, ಎಲ್ಲ ಬರೆದುಕೊಳ್ಳುತ್ತಾರೆ. ನಾಯಿಗೆ ತನ್ನ ಮನುಷ್ಯ ಎಷ್ಟು ಬೇಕು ಎಂದು ಅದರಿಂದ ತಿಳಿಯುತ್ತದಂತೆ. ನಾನು ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಯಾವ ನಾಯಿಯನ್ನೂ ಎರಡನೇ ಸಲ ನೋಡುವಂತಿಲ್ಲ. ಎಂದಾದರೂ ಮೊದಲೇ ನೋಡಿದ ನಾಯಿ ಬಂದರೆ ಕುರ್ಚಿಯ ಕೆಳಗಿನ ಗುಂಡಿ ಒತ್ತಬೇಕು, ಪರೀಕ್ಷೆ ಅಲ್ಲಿಗೇ ರದ್ದು.

ನಿನ್ನೆ ಒಂದು ಬೊಜ್ಜು ನಾಯಿ ಬಂದಿತ್ತು. ಒಡತಿ ಹೊರಗೆ ಹೋದದ್ದೇ ತಡ, ಅವರ ಕೈಚೀಲದೊಳಗೆ ಮುಖ ಹಾಕಿ ಬಿಸ್ಕತ್ತು ಪೊಟ್ಟಣ ತೆಗೆದು ತಿಂದಿತು. ಹಿಂದಿರುಗಿದ ಒಡತಿ, “ಅಯ್ಯೋ ನನ್ನ ಕಂದ, ನಾನಿಲ್ಲದೆ ಹೇಗೆ ಕೊರಗಿದ್ಯೋ” ಎಂದು ತಬ್ಬಿಕೊಂಡು ಅತ್ತರು. ಗಾಜಿನ ಹಿಂದೆ ಮೇಡಂ ನಕ್ಕದ್ದು ನನಗೆ ಕೇಳಿಸಿತು.

ಪ್ರತಿ ಪತ್ರದಲ್ಲೂ ನಿನ್ನ ನಾಯಿ ಮಸಿಯನ್ನು ಹೂಳಿದ ಜಾಗ ಹೇಗಿದೆ ಎಂದು ಕೇಳುತ್ತೀಯ. ಚೆನ್ನಾಗಿದೆ. ನೆಟ್ಟ ಗಿಡ ಚಿಗುರಿದೆ. ಅದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ.

ನಿನ್ನ ತಂಗಿ

---

ಜೂನ್ 19

ಏ ಗುಮ್ಮನಗುಸುಕಿ,

ನಿನ್ನ ಪತ್ರವನ್ನು ಡ್ಯೂಟಿಯ ನಡುವೆ ಆಶ್ರಮದ ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಏಳನೇ ಹಾಸಿಗೆಯ ಅಜ್ಜಿ ನಕ್ಕು ನಕ್ಕು ಹಲ್ಲಿನ ಸೆಟ್ಟು ಬೀಳಿಸಿಕೊಂಡರು. “ನಿನ್ನ ತಂಗಿಗೆ ಹೇಳು, ನಾನು ನಲವತ್ತು ವರ್ಷ ಸೊಸೆಗೆ ಅಪರಿಚಿತೆಯಾಗಿದ್ದೆ, ನನಗ್ಯಾರೂ ಒಂದು ಕಾಸು ಕೊಡಲಿಲ್ಲ” ಎಂದರು.

ಮಸಿಯನ್ನು ಆ ಕೋಣೆಗೆ ಕರೆತಂದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದೆ. ಯಾರೋ ಮಸಿಕುಡಿಕೆಯಲ್ಲಿ ಅದ್ದಿ ತೆಗೆದ ಹಾಗಿದ್ದ ಆ ಒಂದು ಕರಿ ಕಿವಿ ಎತ್ತಿಕೊಂಡು, ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಅವನನ್ನು ನಿನ್ನ ಹತ್ತಿರ ಬಿಟ್ಟು ಈ ಊರಿಗೆ ಬಂದಾಗ ಮೂರು ವರ್ಷ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಅವನು ನನಗೋಸ್ಕರ ಕಾಯಲಿಲ್ಲ. ಆದರೂ ನಿದ್ದೆಯಲ್ಲಿ ಹೋದ, ನಿನ್ನ ಕೈ ಅವನ ಮೇಲಿತ್ತು ಎಂದು ನೀನು ಬರೆದಿದ್ದೆಯಲ್ಲ, ಆ ಒಂದು ಸಾಲು ನನ್ನನ್ನು ಎಷ್ಟೋ ದಿನ ಕಾಪಾಡಿದೆ.

ಅಕ್ಟೋಬರಿನಲ್ಲಿ ಹತ್ತು ದಿನ ರಜೆ ಸಿಗುತ್ತದೆ. ಬಂದ ದಿನವೇ ಆ ಜಾಗಕ್ಕೆ ಹೋಗೋಣ. ಸ್ವಲ್ಪ ಹೊತ್ತು ಕೂತು ಬರೋಣ, ಅಷ್ಟೇ.

ಅಕ್ಕ

---

ಜುಲೈ 22

ಪ್ರಾಣಿ ನಡವಳಿಕೆ ಅಧ್ಯಯನ ಕೇಂದ್ರದ ಮುಖ್ಯಸ್ಥರಿಗೆ,

ನಾನು ಹಳೆಯ ಗಡಿಯಾರಗಳನ್ನು ರಿಪೇರಿ ಮಾಡುವವನು. ಪಶುವೈದ್ಯರ ಗೋಡೆಯ ಮೇಲಿದ್ದ ನಿಮ್ಮ ಪ್ರಕಟಣೆ ನೋಡಿ, ಹೋದ ವಾರ ನನ್ನ ನಾಯಿ ‘ದೊರೆ’ಯನ್ನು ಪರೀಕ್ಷೆಗೆ ಕರೆತಂದಿದ್ದೆ. ನಲವತ್ತೊಂದನೇ ನಂಬರು. ಬಿಳಿ ಮೈ, ಒಂದು ಕಿವಿ ಕಪ್ಪು.

ನೀವು ಕಳಿಸಿದ ವರದಿ ಬಂತು. ಐದು ಸಲ ಓದಿದೆ. “ಒಡೆಯರು ಹಿಂದಿರುಗಿದಾಗ ನಾಯಿ ಎದ್ದು ಬರಲಿಲ್ಲ. ಅಪರಿಚಿತೆಯ ತೊಡೆಯ ಮೇಲೆ ತಲೆಯಿಟ್ಟೇ ಇತ್ತು. ಒಡೆಯರೊಂದಿಗಿನ ಬಂಧ: ದುರ್ಬಲ.”

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗಡಿಯಾರ ತಪ್ಪು ತೋರಿಸಿದರೆ ಅದನ್ನು ಹೇಳಿದವನ ಮೇಲೆ ಸಿಟ್ಟು ಮಾಡಿಕೊಳ್ಳುವವನಲ್ಲ ನಾನು. ನನ್ನಲ್ಲಿ ಏನು ತಪ್ಪಿದೆ ಎಂದು ತಿಳಿಯಬೇಕು, ಅಷ್ಟೇ. ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತೇನೆ. ಎರಡು ಸಲ ತಿರುಗಾಡಿಸುತ್ತೇನೆ. ಒಂದು ದಿನವೂ ಕೈ ಎತ್ತಿಲ್ಲ. ಹೆಂಡತಿ ಹೋದ ಮೇಲೆ ಅಂಗಡಿಯಲ್ಲಿ ನಾನು ಗಟ್ಟಿಯಾಗಿ ಮಾತಾಡುವುದು ಅವನೊಬ್ಬನ ಜೊತೆ. ಬಹುಶಃ ಜಾಸ್ತಿ ಮಾತಾಡುತ್ತೇನೋ ಏನೋ.

ಮೊನ್ನೆ ಫೋನಿನಲ್ಲಿ ಮಗಳಿಗೆ ಹೇಳಿದೆ. “ಅಪ್ಪಾ, ನಾಯಿಗೂ ನಿನ್ನ ಕಂಡ್ರೆ ಆಗಲ್ವಾ?” ಎಂದು ನಕ್ಕಳು. ತಮಾಷೆಗೆ ಅಂದದ್ದು. ನಾನೂ ನಕ್ಕೆ.

ಬೇಡವಾದವನ ಹತ್ತಿರ ಒಂದು ಪ್ರಾಣಿಯನ್ನು ಕಟ್ಟಿಹಾಕಿಕೊಂಡಿರುವುದು ಸರಿಯಲ್ಲ. ಅವನನ್ನು ತಂದಿದ್ದ ಪ್ರಾಣಿಧಾಮಕ್ಕೇ ಹಿಂದಿರುಗಿಸೋಣ ಅಂದುಕೊಂಡಿದ್ದೇನೆ, ಅವನಿಗೆ ಬೇಕಾದವರು ಯಾರಾದರೂ ಸಿಗಲಿ. ತಪ್ಪು ತಿಳಿಯದಿದ್ದರೆ ಒಂದು ಮಾತು: ಆ ದಿನ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಅವನನ್ನು ಇಟ್ಟುಕೊಳ್ಳುತ್ತಾರೆಯೇ, ಕೇಳಿ ನೋಡುತ್ತೀರಾ?

ಇಂತಿ,
ಗಡಿಯಾರದ ಅಂಗಡಿಯವನು

---

ಜುಲೈ 25

ಮಾನ್ಯರೇ,

ಮೇಡಂ ಒಂದು ಸಭೆಗೆಂದು ಹೊರಗೆ ಹೋಗಿದ್ದಾರೆ, ಬರುವುದು ಎರಡು ವಾರವಾಗುತ್ತದೆ. ಬಂದ ಪತ್ರಗಳನ್ನು ತೆರೆದು ಉತ್ತರಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.

ಒಂದು ಪರೀಕ್ಷೆಯಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ನಾಯಿಗೆ ಆ ದಿನ ದಣಿವಾಗಿರಬಹುದು. ದಯವಿಟ್ಟು ಅವಸರ ಮಾಡಬೇಡಿ. ನಿಮ್ಮಲ್ಲಿ ಏನೂ ತಪ್ಪಿಲ್ಲ.

ಇಂತಿ,
ಕೇಂದ್ರದ ಪರವಾಗಿ

---

ಜುಲೈ 29

ಕೇಂದ್ರದ ಪರವಾಗಿ ಬರೆದವರಿಗೆ,

ಅಕ್ಷರ ಮುದ್ದಾಗಿದೆ. ಮಾತೂ ಸಮಾಧಾನದ್ದು. ರೋಗಿಗೆ ‘ಏನೂ ಇಲ್ಲ’ ಎಂದು ಹೇಳಿ, ಹೊರಗೆ ಬಂದು ಮನೆಯವರಿಗೆ ಬೇರೆ ಹೇಳುವ ಡಾಕ್ಟರ ಮಾತಿನ ಹಾಗಿದೆ. ಹೆಂಡತಿಯ ಕಾಯಿಲೆಯಲ್ಲಿ ಅಂಥದ್ದನ್ನು ಬೇಕಾದಷ್ಟು ಕೇಳಿದ್ದೇನೆ.

ನಾಯಿಗೆ ದಣಿವಾಗಿರಲಿಲ್ಲ. ದಣಿದ ನಾಯಿ ಅಷ್ಟು ಜೋರಾಗಿ ಬಾಲ ಆಡಿಸುವುದಿಲ್ಲ. ನಾನು ಒಳಗೆ ಬಂದಾಗ ಒಂದು ಸಲ ನನ್ನ ಕಡೆ ನೋಡಿತು. ‘ಇರು, ಬಂದೆ’ ಎನ್ನುವಂತೆ ನೋಡಿತು, ಮತ್ತೆ ಆ ಹುಡುಗಿಯ ಮುಖ ನೋಡಿತು. ಅವರು ನೋಡಲಿಲ್ಲ. ಮನೆಗೆ ಬಂದ ಮೇಲೆ ಮೂರು ದಿನ ಬಾಗಿಲ ಹತ್ತಿರವೇ ಮಲಗಿತ್ತು. ನಾನು ಕರೆದರೆ ಬರುತ್ತಿತ್ತು, ಮರ್ಯಾದೆಗೆ ಬಂದ ಹಾಗೆ. ಮತ್ತೆ ಹೋಗಿ ಬಾಗಿಲ ಹತ್ತಿರ.

ಶನಿವಾರ ಬೆಳಿಗ್ಗೆ ಪ್ರಾಣಿಧಾಮಕ್ಕೆ ಕರೆದೊಯ್ಯುತ್ತೇನೆ. ಹೇಳಿಯಾಗಿದೆ. ಅನ್ನದ ತಟ್ಟೆಯನ್ನೂ ಕೊಟ್ಟುಬಿಡುತ್ತೇನೆ, ಅದು ಅವನಿಗೆ ರೂಢಿ.

ಇಂತಿ,
ಗಡಿಯಾರದ ಅಂಗಡಿಯವನು

---

ಜುಲೈ 31

ಗಡಿಯಾರದ ಅಂಗಡಿಯ ಹಿರಿಯರಿಗೆ,

ಈ ಪತ್ರವನ್ನು ಓದಿ ಮುಗಿಸುವ ತನಕ ದಯವಿಟ್ಟು ಎಲ್ಲಿಗೂ ಹೋಗಬೇಡಿ. ನಾಳೆ ಶುಕ್ರವಾರ. ಟಪಾಲನ್ನು ನಂಬದೆ ನಾನೇ ಬಂದು ನಿಮ್ಮ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ.

ಕುರ್ಚಿಯಲ್ಲಿ ಕೂತಿದ್ದವಳು ನಾನು. ಉತ್ತರ ಬರೆದವಳೂ ನಾನೇ. ನಾನು ನಿಮ್ಮ ನಾಯಿಗೆ ಅಪರಿಚಿತೆಯಲ್ಲ.

ಅದರ ಹೆಸರು ಮಸಿ. ನನ್ನ ಅಕ್ಕನ ನಾಯಿ. ಅಕ್ಕ ದೂರದ ಊರಿನಲ್ಲಿ ವೃದ್ಧಾಶ್ರಮದ ನರ್ಸು. ಹೋಗುವಾಗ ಅದನ್ನು ನನ್ನ ಕೈಗೆ ಒಪ್ಪಿಸಿ ಹೋದಳು. ಹದಿನಾಲ್ಕು ತಿಂಗಳು ನನ್ನ ಜೊತೆ ಒಂದೇ ಕೋಣೆಯಲ್ಲಿತ್ತು. ನಾನು ಆಗ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಬೆಳಿಗ್ಗೆ ಬೀಗ ಹಾಕಿ ಹೊರಟರೆ ಸಂಜೆಯ ತನಕ ಊಳಿಡುತ್ತಿತ್ತು. ಮೇಲಿನ ಮನೆಯಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುವ ಡ್ರೈವರ್ ಇದ್ದರು. “ನಾಯಿ ಇರಬೇಕು ಇಲ್ಲಾ ನಾನಿರಬೇಕು” ಎಂದರು. ಮನೆಯೊಡತಿ, “ಅವರು ಹತ್ತು ವರ್ಷದಿಂದ ಇದ್ದಾರಮ್ಮ, ನೀನೇ ಯೋಚನೆ ಮಾಡು” ಎಂದರು. ನಾನು ಯೋಚನೆ ಮಾಡಿದೆ.

ಪ್ರಾಣಿಧಾಮದಲ್ಲಿ, ಸಾಕಿದವರೇ ಬಿಡಲು ಬಂದರೆ ಎದುರಿಗೆ ಕೂರಿಸಿ ನೂರು ಪ್ರಶ್ನೆ ಕೇಳುತ್ತಾರೆ. ಬೀದಿಯಲ್ಲಿ ಸಿಕ್ಕಿದ್ದು ಎಂದರೆ ಏನೂ ಕೇಳುವುದಿಲ್ಲ. ಅದಕ್ಕೇ ಮೂಲೆ ತಿರುಗುವಾಗ ಕೊರಳಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ‘ಬೀದಿಯಲ್ಲಿ ಸಿಕ್ಕಿದ್ದು’ ಎಂದು ಬರೆದು ಸಹಿ ಮಾಡುವಾಗ ಅದು ನನ್ನ ಪಾದದ ಮೇಲೆ ಕೂತಿತ್ತು. ಅಲ್ಲಿಯವರು, “ಬೀದಿ ನಾಯಿಗೆ ನಿಮ್ಮ ಜೊತೆ ಒಳ್ಳೇ ಸಲಿಗೆ ಬಂದಿದೆಯಲ್ಲಮ್ಮ” ಎಂದರು. ನಾನು, “ದಾರಿಯಲ್ಲಿ ಬನ್ನು ಹಾಕಿದೆ” ಎಂದೆ. ಅಷ್ಟು ಬೇಗ ಸುಳ್ಳು ಬಾಯಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಾಮೂಲಿ ಮಾತಿಗೇ ತಡವರಿಸುವವಳು ನಾನು.

ಅಕ್ಕನಿಗೆ ಸತ್ತುಹೋಯಿತು ಎಂದು ಬರೆದೆ. ಎಲ್ಲಿ ಹೂಳಿದೆ ಎಂದು ಕೇಳಿದಳು. ಒಂದು ಜಾಗ ಹೇಳಿದೆ. ಗುರುತಿಗೆ ಏನಿಟ್ಟೆ ಎಂದಳು. ಒಂದು ಗಿಡ ಎಂದೆ. ಈಗ ಆ ಗಿಡ ಚಿಗುರಿದೆ ಎಂದು ಕೂಡ ಬರೆದಿದ್ದೇನೆ.

ಆ ದಿನ ನಾನು ಬಾಗಿಲು ತೆಗೆದು ಒಳಗೆ ಬಂದಾಗ ಮೊದಲು ಆ ಕಿವಿ ಕಂಡಿತು. ಕುರ್ಚಿಯ ಕೆಳಗೆ ಗುಂಡಿ ಇದೆ. ಪರಿಚಯದ ನಾಯಿ ಬಂದರೆ ಒತ್ತಬೇಕು. ಒತ್ತಿದ್ದರೆ ‘ಹೇಗೆ ಪರಿಚಯ’ ಎಂದು ಕೇಳುತ್ತಿದ್ದರು. ಒತ್ತಲಿಲ್ಲ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅದು ಬಂದು ಮೂಸಿತು. ನೀವು ಹೊರಗೆ ಹೋದಿರಿ. ಅದು ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಮೇಲೆ ನೋಡಿತು. ಬೈಯುತ್ತದೆ ಅಂದುಕೊಂಡೆ. ನಾಯಿಗಳಿಗೆ ಬೈಯುವುದು ಗೊತ್ತಿಲ್ಲ. ನಾನು ನೆಲದ ಚೌಕ ಎಣಿಸುತ್ತಿದ್ದೆ.

ನಿಮ್ಮ ಬಂಧ ದುರ್ಬಲ ಎಂದು ಬರೆದದ್ದು ನನ್ನಿಂದ. ನಿಮ್ಮ ಮಗಳು ನಕ್ಕದ್ದು ನನ್ನಿಂದ. ದಯವಿಟ್ಟು ಮಸಿಯನ್ನು ಶನಿವಾರ ಅಲ್ಲಿಗೆ ಕರೆದೊಯ್ಯಬೇಡಿ. ಒಂದು ನಾಯಿಯನ್ನು ಅಲ್ಲಿಗೆ ಎರಡು ಸಲ ಬಿಡಬಾರದು.

ಕುರ್ಚಿಯಲ್ಲಿ ಕೂತವಳು

---

ಆಗಸ್ಟ್ 6

ಕುರ್ಚಿಯಲ್ಲಿ ಕೂತವರಿಗೆ,

ಶನಿವಾರ ಹೋಗಲಿಲ್ಲ. ಅದನ್ನು ಮೊದಲು ಬರೆಯುತ್ತೇನೆ, ಉಳಿದದ್ದನ್ನು ಓದುವಾಗ ನಿಮಗೆ ಉಸಿರಾಡಲು ಆಗಲಿ ಎಂದು.

ನನಗೆ ಸಿಟ್ಟು ಬಂತು. ಬಂದ ಸಿಟ್ಟಿಗೆ ಒಬ್ಬರ ಮೇಜು ಗಡಿಯಾರದ ಸ್ಪ್ರಿಂಗು ಮುರಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಪ್ರಾಣಿಧಾಮದಲ್ಲಿ ಹನ್ನೊಂದು ನಾಯಿಗಳಿದ್ದವು. ಇವನ ಚೀಟಿಯಲ್ಲಿ ‘ಬೀದಿಯಲ್ಲಿ ಸಿಕ್ಕಿದ್ದು, ಯಾರೂ ಇಲ್ಲ’ ಎಂದಿತ್ತು. ಅದಕ್ಕೇ ಆರಿಸಿದೆ. ಇನ್ನೊಬ್ಬರು ಸಾಕಿದ್ದನ್ನು ತಂದರೆ ಹೋಲಿಸಿ ನೋಡುತ್ತದೆ, ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ ಬೇಡ ಅಂದುಕೊಂಡೆ. ನೀವು ಬರೆದ ಎರಡು ಪದ ನಂಬಿ ನಾನು ಅವನ ಹಿಂದಿನ ಬಾಳನ್ನೆಲ್ಲ ಒರೆಸಿ, ದೊರೆ ಎಂದು ಹೆಸರಿಟ್ಟೆ. ‘ಮಸಿ’ ಎಂದು ಮೆಲ್ಲಗೆ ಕರೆದು ನೋಡಿದೆ. ಎರಡೂ ಕಿವಿ ಎತ್ತಿ ಓಡಿಬಂದ. ಆಮೇಲೆ ನನಗೆ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ.

ನೀವು ನನ್ನ ಕ್ಷಮೆ ಕೇಳಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು, ಕೊಡುವ ಸ್ಥಿತಿಯಲ್ಲಿ ನಾನಿಲ್ಲ. ಅದೂ ಅಲ್ಲದೆ, ಮೊದಲು ಬರೆಯಬೇಕಾದ ವಿಳಾಸ ನನ್ನದಲ್ಲ. ಬದುಕಿರುವ ನಾಯಿಗಾಗಿ ದೂರದಲ್ಲಿ ಒಬ್ಬರು ಅಳುತ್ತಿದ್ದಾರೆ. ಅವರಿಗೆ ಬರೆಯಿರಿ. ನನ್ನ ವಿಳಾಸವನ್ನೂ ಕೊಡಿ. ನಾಯಿ ಬೇಕೆಂದರೆ ಕೊಡಬೇಕಾಗುತ್ತದೆ, ಅದೂ ಗೊತ್ತು.

ಗಡಿಯಾರದ ಅಂಗಡಿಯವನು

---

ಆಗಸ್ಟ್ 10

(ಮೇಡಂ ನನ್ನ ಮೇಜಿನ ಮೇಲೆ ಇಟ್ಟ ಚೀಟಿ)

ನೀನು ಬರೆದುಕೊಟ್ಟದ್ದನ್ನು ಓದಿದೆ. ನಲವತ್ತೊಂದನೇ ಪರೀಕ್ಷೆ ರದ್ದು. ಗಡಿಯಾರದವರಿಗೆ ನಾನೇ ಬರೆಯುತ್ತೇನೆ, ತಪ್ಪು ವರದಿಗೆ ಸಹಿ ನನ್ನದು.

ನಾಳೆಯಿಂದ ಕುರ್ಚಿಗೆ ಬೇರೆಯವರು ಬರುತ್ತಾರೆ. ನಿನಗೆ ಒರೆಸುವ ಕೆಲಸ ಇದೆ, ಬೇಕಾದರೆ.

ಆ ದಿನದ ಚಿತ್ರವನ್ನು ಮತ್ತೆ ಹಾಕಿ ನೋಡಿದೆ. ಮೊದಲ ಸಲ ನಾಯಿಯನ್ನು ಮಾತ್ರ ನೋಡಿದ್ದೆ. ಇವತ್ತು ನಿನ್ನನ್ನು ನೋಡಿದೆ. ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇನ್ನೊಂದು ಕುರ್ಚಿಯನ್ನು ನೋಡಬೇಕೆಂದು ಹೊಳೆದಿರಲಿಲ್ಲ.

---

ಆಗಸ್ಟ್ 11

ಅಕ್ಕ,

ನಿಂತುಕೊಂಡು ಓದಬೇಡ, ಕೂತುಕೋ. ವಾರ್ಡಿನಲ್ಲಿ ಗಟ್ಟಿಯಾಗಿ ಓದಬೇಡ.

ಮಸಿ ಬದುಕಿದೆ. ಸತ್ತಿರಲೇ ಇಲ್ಲ. ನಿದ್ದೆಯಲ್ಲಿ ಹೋಯಿತು ಎಂದದ್ದು ಸುಳ್ಳು, ನನ್ನ ಕೈ ಅದರ ಮೇಲಿತ್ತು ಎಂದದ್ದು ಸುಳ್ಳು, ಜಾಗ ಸುಳ್ಳು, ಗಿಡ ಸುಳ್ಳು. ನಾನು ಅದನ್ನು ಪ್ರಾಣಿಧಾಮಕ್ಕೆ ಬಿಟ್ಟುಬಂದೆ, ಬೀದಿಯಲ್ಲಿ ಸಿಕ್ಕಿದ್ದು ಎಂದು ಬರೆದುಕೊಟ್ಟು. ಊಳಿಡುತ್ತಿತ್ತು, ಮನೆ ಬಿಡಿಸುತ್ತೇವೆ ಎಂದರು. ಇದು ಕಾರಣ ಅಷ್ಟೇ, ನೆಪವಾಗಿ ಹೇಳುತ್ತಿಲ್ಲ. ನಿನಗೆ ಒಂದು ಪತ್ರ ಬರೆದು ಕೇಳಬಹುದಿತ್ತು. ಕೇಳಿದ್ದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಒಂದು ನಾಯಿಯನ್ನು ನೋಡಿಕೊಳ್ಳಲಾರದವಳು ಎಂದು ನಿನ್ನ ಬಾಯಲ್ಲಿ ಕೇಳಲು ನನಗೆ ಆಗುತ್ತಿರಲಿಲ್ಲ.

ಈಗ ಅದು ಒಬ್ಬ ಗಡಿಯಾರದವರ ಹತ್ತಿರ ಇದೆ. ಒಳ್ಳೆಯವರು. ವಿಳಾಸ ಹಿಂಬದಿಯಲ್ಲಿದೆ.

ತಂಗಿ

---

ಸೆಪ್ಟೆಂಬರ್ 15

ಅಕ್ಕ,

ಪತ್ರ ತಲುಪಿತೇ ಎಂದು ಕೇಳಲು ಬರೆಯುತ್ತಿದ್ದೇನೆ. ತಲುಪಿರುತ್ತದೆ. ಗೊತ್ತು.

---

ಅಕ್ಟೋಬರ್ 20

ಕುರ್ಚಿಯಲ್ಲಿ ಕೂತಿದ್ದವರಿಗೆ,

ನಿಮ್ಮ ಅಕ್ಕನ ಪತ್ರ ಬಂದಿದೆ. ನಾಲ್ಕು ಪುಟ. ಎಲ್ಲ ನಾಯಿಯ ವಿಚಾರ. ಛತ್ರಿ ಬಿಚ್ಚಿದರೆ ಹೆದರುತ್ತಾನೆ, ಎಡಗಾಲ ಉಗುರು ಮುಟ್ಟಿದರೆ ಸಹಿಸುವುದಿಲ್ಲ, ಬಿಸಿ ಅನ್ನ ಹಾಕಿದರೆ ತಟ್ಟೆಗೆ ಬೊಗಳುತ್ತಾನೆ, ಹೀಗೆ. ನಿಮ್ಮ ಬಗ್ಗೆ ಏನಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ, ನೀವು ಕೇಳಬಹುದೆಂದು. ಮೂರು ಪುಟದಲ್ಲಿ ಇಲ್ಲ.

ಮೂರನೇ ಪುಟದ ಒಂದು ಉಪಾಯ ಬಹಳ ಉಪಕಾರವಾಯಿತು. ನಾನು ಬೀಗ ಹಾಕಿ ಹೊರಗೆ ಹೋದರೆ ಇಲ್ಲಿಯೂ ಊಳಿಡುತ್ತಿದ್ದ. ಪಕ್ಕದ ದರ್ಜಿ, “ದೊರೆಗೆ ಸಂಗೀತ ಕಲಿಸ್ತಿದ್ದೀರಾ?” ಎಂದು ಚುಚ್ಚುತ್ತಿದ್ದ. ತೊಟ್ಟು ಬಿಟ್ಟ ಅಂಗಿ ಒಂದನ್ನು ಒಗೆಯದೆ ಅವನ ಚಾಪೆಯ ಮೇಲೆ ಹಾಕಿ ಹೋಗಿ, ವಾಸನೆ ಇದ್ದರೆ ಸಾಕು, ಮನುಷ್ಯ ಬರುತ್ತಾನೆಂದು ನಂಬಿ ಮಲಗುತ್ತಾನೆ ಎಂದು ಬರೆದಿದ್ದರು. ಹಾಕಿದೆ. ಅವತ್ತಿನಿಂದ ಸದ್ದಿಲ್ಲ. ಇಷ್ಟು ಸುಲಭದ್ದು ನಮಗ್ಯಾರಿಗೂ ಹೊಳೆಯಲಿಲ್ಲ ನೋಡಿ.

ನಾಯಿಯನ್ನು ಕೇಳಿಲ್ಲ. “ಅವನಿಗೆ ಇನ್ನೊಂದು ಸಲ ಮನೆ ಬದಲಾಯಿಸುವುದು ಬೇಡ, ನೋಡಿ ಹೋಗುತ್ತೇನೆ” ಎಂದಿದ್ದಾರೆ. ನಾನು ಆ ಸಾಲನ್ನು ಓದಿ ಅಂಗಡಿಯ ಎಲ್ಲ ಗಡಿಯಾರಗಳಿಗೂ ಕೀಲಿ ಕೊಟ್ಟೆ, ಬೇಕಿಲ್ಲದವಕ್ಕೂ.

ಕೊನೆಯ ಪುಟದ ಕೊನೆಗೆ ಇಷ್ಟಿದೆ, ಹಾಗೇ ಬರೆಯುತ್ತೇನೆ: “ಇಪ್ಪತ್ತೇಳನೇ ತಾರೀಕು ನಾಲ್ಕೂಕಾಲಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಅಂಗಡಿ ನನಗೆ ಗೊತ್ತಿಲ್ಲ. ನನ್ನ ತಂಗಿ ನಿಲ್ದಾಣಕ್ಕೆ ಬರಲಿ ಎಂದು ಹೇಳಿ. ನಾನೇ ಅವಳಿಗೆ ಬರೆಯುವಷ್ಟು ಇನ್ನೂ ಆಗಿಲ್ಲ.”

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಬೈಸಿಕೊಳ್ಳುವುದಕ್ಕೂ ತ್ರಾಣ ಬೇಕು.

ಗಡಿಯಾರದ ಅಂಗಡಿಯವನು

---

ಅಕ್ಟೋಬರ್ 22

ಅಕ್ಕ,

ಗಡಿಯಾರದವರು ಹೇಳಿದರು. ನಿಲ್ದಾಣಕ್ಕೆ ಬರುತ್ತೇನೆ.

ಈ ಪತ್ರಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ಆದರೆ ಒಂದು ವಿಷಯವನ್ನು ನೀನು ಬಸ್ಸಿನಿಂದ ಇಳಿಯುವ ಮೊದಲೇ ನಾನು ಹೇಳಿರಬೇಕು. ಎದುರಿಗೆ ನಿಂತರೆ ನುಂಗಿಬಿಡುತ್ತೇನೆ.

ನೀನು ಆ ಊರಿಗೆ ಹೋದ ಮರುದಿನ ಕೋಣೆಯನ್ನೆಲ್ಲ ಗುಡಿಸಿ ಒರೆಸಿದೆ. ಎಲ್ಲ ಚೊಕ್ಕಟವಾಗಿರಲಿ, ಅಕ್ಕನಿಗೆ ಬರೆದು ತಿಳಿಸೋಣ ಎಂಬ ಹುರುಪು. ಮಸಿಯ ಚಾಪೆಯ ಮೇಲೆ ನಿನ್ನ ಹಳೆಯ ಹಸಿರು ಅಂಗಿ ಬಿದ್ದಿತ್ತು. ಮರೆತು ಹೋಗಿದ್ದೀಯ ಅಂದುಕೊಂಡೆ. ತೆಗೆಯಲು ಹೋದರೆ ಅವನು ಅದರ ತೋಳನ್ನು ಕಚ್ಚಿ ಹಿಡಿದ. ಬೈದು ಕಿತ್ತುಕೊಂಡೆ. ಬಿಸಿನೀರಿನಲ್ಲಿ ಎರಡು ಸಲ ಸೋಪು ಹಾಕಿ ಒಗೆದೆ, ಇಸ್ತ್ರಿ ಮಾಡಿ, ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟೆ. ಅವತ್ತು ಅವನು ಮೊದಲ ಸಲ ಊಳಿಟ್ಟ.

ಹದಿನಾಲ್ಕು ತಿಂಗಳು ಊಳಿಟ್ಟ. ನಾನು ಒಂದು ದಿನವೂ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಹೇಗೆ ನಿಲ್ಲಿಸುವುದು ಎಂದು ಮಾತ್ರ ಕೇಳಿಕೊಂಡೆ.

ಸುಳ್ಳು ಹೇಳಿದ್ದಕ್ಕೆ ಆದ ನಾಚಿಕೆಯನ್ನು ಹೇಗೋ ಹೊತ್ತುಕೊಂಡು ತಿರುಗುತ್ತಿದ್ದೆ. ಇದನ್ನು ಹೊರಲು ಆಗುತ್ತಿಲ್ಲ.

ಬಸ್ಸು ನಾಲ್ಕೂಕಾಲಿಗೆ ಅಲ್ಲವೇ. ನಾನು ಮೂರಕ್ಕೇ ಬಂದಿರುತ್ತೇನೆ.

ನಿನ್ನ ತಂಗಿ